ಸುಗಂಧರಾಜ ಹೂ ಬಿಟ್ಟ ಕಥೆ

ಮೊದಲ ವರ್ಷ ನನಗೆ ಸಿಕ್ಕಿದ್ದು ಬರೀ ಹುಲ್ಲು. ಸಪೋಟ ಮರದ ನೆರಳಲ್ಲಿ ಸುಗಂಧರಾಜದ ಗೆಡ್ಡೆ ನೆಟ್ಟಿದ್ದೆ. ಎಲೆ ಸೊಂಪಾಗಿ ಬಂತು, ಹೂವಿನ ಸುಳಿವೇ ಇಲ್ಲ. ನಮ್ಮತ್ತೆ ಒಂದು ದಿನ ಕಳೆ ಅಂದುಕೊಂಡು ಅರ್ಧ ಸಾಲು ಕಿತ್ತೇಬಿಟ್ಟರು. ಅವರ ತಪ್ಪೇನಲ್ಲ, ನೋಡೋಕೆ ಹಾಗೇ ಇತ್ತು!

ಉಳಿದವನ್ನು ಚಳಿಗಾಲದಲ್ಲಿ ಅಗೆದು ತೆಗೆದೆ. ಮಣ್ಣು ಉದುರಿಸಿ, ಒಂದೂವರೆ ತಿಂಗಳು ಪೇಪರ್ ಮೇಲೆ ನೆರಳಲ್ಲಿ ಒಣಗಲು ಬಿಟ್ಟೆ. ಶಿವರಾತ್ರಿ ಮುಗಿದ ಮೇಲೆ ಕಾಂಪೌಂಡ್ ಗೋಡೆ ಪಕ್ಕದ ಪಟ್ಟಿಯಲ್ಲಿ ನೆಟ್ಟೆ. ಅಲ್ಲಿ ಬೆಳಗಿನಿಂದ ಮೂರು ಗಂಟೆವರೆಗೂ ಸುಡುಬಿಸಿಲು. ಎರಡು ಸೆಂ.ಮೀ.ಗಿಂತ ದಪ್ಪ ಇರುವ ಗೆಡ್ಡೆಗಳನ್ನು ಮಾತ್ರ ಆರಿಸಿಕೊಂಡೆ. ಎರಡು ಇಂಚು ಆಳ, ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು. ಮಣ್ಣಿಗೆ ಮರಳು, ಹಳೇ ಕೊಟ್ಟಿಗೆ ಗೊಬ್ಬರ. ಅಷ್ಟೇ.

ನೀರಿನ ವಿಷಯದಲ್ಲಿ ಮಾತ್ರ ಕೈ ಸುಮ್ನೆ ಇರಲಿಲ್ಲ. ಬಿಸಿಲು ಜಾಸ್ತಿ ಅಲ್ವಾ ಅಂತ ದಿನಾ ಹಾಕಿದೆ. ಮೊಳಕೆ ಬರುವ ಮೊದಲೇ ಆರು ಗೆಡ್ಡೆ ಕೊಳೆತವು. ಆಮೇಲೆ ಬೆರಳು ತೂರಿಸಿ, ಮಣ್ಣು ಒಣಗಿದ್ದರೆ ಮಾತ್ರ ನೀರು.

ಸುಮಾರು ಮೂರು ತಿಂಗಳಿಗೆ, ಮೇ ಕೊನೆಯಲ್ಲಿ, ಮೊದಲ ದಂಟು ಎದ್ದಿತು. ನನ್ನ ಸೊಂಟದವರೆಗೆ ಬಂತು. ಮೊಗ್ಗು ಕೆಳಗಿನಿಂದ ಮೇಲಕ್ಕೆ ಜೋಡಿಜೋಡಿಯಾಗಿ ಅರಳುತ್ತದೆ. ಹಾಗಾಗಿ ಒಂದೇ ದಂಟು ವಾರದ ಮೇಲೂ ನಡೆಯಿತು. ಹಗಲಲ್ಲಿ ಪರಿಮಳ ಅಷ್ಟಕ್ಕಷ್ಟೆ. ಕತ್ತಲಾದ ಮೇಲೆ ಕಿಟಕಿ ತೆಗೆದರೆ ಸಾಕು, ನಡುಮನೆಗೆಲ್ಲ ಬರುತ್ತದೆ. ಮುಂಗಾರಿನ ಗಾಳಿಗೆ ದಂಟು ವಾಲುತ್ತದೆ. ಬಿದಿರು ಕಡ್ಡಿ ಮೊದಲೇ ಊರಿಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಗಲುತ್ತದೆ.

ಡಬಲ್ ಸುತ್ತಿನದ್ದೂ ನಾಲ್ಕು ಹಾಕಿದ್ದೆ. ನೋಡೋಕೆ ಚೆಂದ, ಪರಿಮಳ ಸಿಂಗಲ್‌ನಷ್ಟಿಲ್ಲ. ನನ್ನ ಓಟು ಸಿಂಗಲ್‌ಗೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್' ತಳಿಯೂ ಸಿಂಗಲ್ಲೇ. ಅದರ ಮೊಗ್ಗಿಗೆ ತುಸು ಗುಲಾಬಿ ಛಾಯೆ.

ಒಂದು ವಿಷಯ ತಡವಾಗಿ ಗೊತ್ತಾಯಿತು. ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಸುತ್ತಲಿನ ಮರಿಗಳು ಬಿಡಬೇಕು. ಮೂರನೇ ವರ್ಷಕ್ಕೆ ಮರಿಗಳು ಒತ್ತೊತ್ತಾಗಿ ಹೂ ಕಡಿಮೆಯಾಯಿತು. ಈ ಸಲ ಎಲ್ಲ ಅಗೆದೆ. ಎರಡು ಬುಟ್ಟಿ ಗೆಡ್ಡೆ ಬಂದಿದೆ. ಒಂದು ಬುಟ್ಟಿ ಅತ್ತೆಯೇ ಬೀದಿಯವರಿಗೆಲ್ಲ ಹಂಚಿದರು, ಹುಲ್ಲು ಅಂತ ಕೀಳಬೇಡಿ ಅಂತ ಹೇಳಿ.