ಸೆಂಕೋಜಿ ಗುಡ್ಡದ ಮೇಲಿಂದ ಬಾಣಬಿರುಸಿನ ಫೋಟೊ ತೆಗೆಯುವುದು ಹೇಗೆ?

ಕಪ್ಪು ಆಕಾಶ, ನಡುವೆ ಬಣ್ಣದ ಹೂವು. ಬಾಣಬಿರುಸನ್ನು ಹೀಗೆ ತೆಗೆದರೆ ಯಾವ ಊರಾದರೂ ಒಂದೇ ಥರ ಕಾಣುತ್ತದೆ. ಊರು ಗೊತ್ತಾಗಬೇಕಾದರೆ ಫೋಟೊದಲ್ಲಿ ಊರಿರಬೇಕು. ಅದಕ್ಕೆ ಜಪಾನಿನ ಒನೊಮಿಚಿ ಹೇಳಿ ಮಾಡಿಸಿದ ಜಾಗ. ಹಿರೋಷಿಮಾ ಪ್ರಾಂತ್ಯದ ಈ ಬಂದರಿಗೆ ಅಂಟಿಕೊಂಡೇ ಸೆಂಕೋಜಿ ಗುಡ್ಡ ಇದೆ. ಎತ್ತರ ಸುಮಾರು 140 ಮೀಟರ್. ತುದಿಗಿಂತ ತುಸು ಕೆಳಗೆ, ದೊಡ್ಡ ಬಂಡೆಗಳ ನಡುವೆ, 806ರಲ್ಲಿ ಶುರುವಾಯಿತೆಂದು ಹೇಳುವ ಬೌದ್ಧ ದೇವಾಲಯ. ಅದರ ಕೆಂಪು ಮಂದಿರದ ಮುಂದೆ ಕಿರಿದಾದ ಕಡಲ ಕಾಲುವೆ, ಆಚೆ ಮುಕೈಶಿಮಾ ದ್ವೀಪ.

ಜುಲೈ ಕೊನೆಯ ಹೊತ್ತಿಗೆ ಆ ಕಾಲುವೆಯಲ್ಲಿ ಸುಮಿಯೋಶಿ ಬಾಣಬಿರುಸಿನ ಹಬ್ಬ. 1741ರಲ್ಲಿ ಇಲ್ಲಿ ಬಂದರು ಕಟ್ಟಿಸಿದ ಹಿರಾಯಾಮ ಕಾಕುಝಾಯೆಮೊನ್ ಎಂಬ ಅಧಿಕಾರಿಯನ್ನು ಊರಿನವರು ಈ ಹಬ್ಬದಲ್ಲಿ ಇವತ್ತಿಗೂ ನೆನೆಯುತ್ತಾರೆ.

ಮೊದಲು ನಿಲ್ಲುವ ಜಾಗ ಹುಡುಕಿ. 10 ಸೆಂಟಿಮೀಟರ್ ದಪ್ಪದ ಬಾಣಬಿರುಸಿನ ಗುಂಡು ಸುಮಾರು 120 ಮೀಟರ್ ಮೇಲೇರಿ ಸಿಡಿಯುತ್ತದೆ. ಅಂದರೆ ಗುಡ್ಡದ ಮೇಲೆ ನಿಂತವರ ಕಣ್ಣಿನ ಮಟ್ಟದಲ್ಲೇ ಅದು ಅರಳುತ್ತದೆ! ತಲೆ ಎತ್ತಬೇಕಿಲ್ಲ, ಕ್ಯಾಮೆರಾವನ್ನೂ ಎತ್ತಬೇಕಿಲ್ಲ. ಹಾಗಾಗಿ ಕೆಳಗಿರುವ ಮಂದಿರದ ಚಾವಣಿ, ಕಾಲುವೆಯ ನೀರು, ದೀಪಗಳು ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ದೇವಾಲಯಕ್ಕಿಂತ ಮೇಲಿರುವ ಉದ್ಯಾನದ ಇಳಿಜಾರಿಗೆ ಮಧ್ಯಾಹ್ನವೇ ಹೋಗಿ, ಚಾವಣಿ ಕಾಣುವ ಜಾಗ ಗುರುತು ಮಾಡಿಕೊಳ್ಳಿ. ದೇವಾಲಯದ ಆವರಣದಲ್ಲಿ ಕೇಳದೆ ಟ್ರೈಪಾಡ್ ಬಿಚ್ಚಬೇಡಿ. ಪ್ರಾರ್ಥನೆಗೆ ಬಂದವರ ದಾರಿಗೆ ಅಡ್ಡ ನಿಲ್ಲಬೇಡಿ.

ಇನ್ನು ಸೆಟ್ಟಿಂಗ್. ಇಲ್ಲೇ ಜಾಸ್ತಿ ಜನ ಗೊಂದಲಕ್ಕೆ ಬೀಳುತ್ತಾರೆ. ಬಾಣದ ಕಿಡಿ ಓಡುತ್ತಿರುತ್ತದೆ. ಒಂದು ಕಡೆ ನಿಲ್ಲುವುದಿಲ್ಲ. ಆದ್ದರಿಂದ ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ಎಷ್ಟು ಹೊತ್ತು ತೆರೆದಿಟ್ಟರೂ ಕಿಡಿಯ ಗೆರೆ ಉದ್ದವಾಗುತ್ತದೆ, ಹೊಳಪು ಹೆಚ್ಚುವುದಿಲ್ಲ. ಆ ಹೊಳಪು ಅಪರ್ಚರ್ (ಲೆನ್ಸ್‌ನ ಕಿಂಡಿ; ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಸಂಖ್ಯೆ) ಕೈಯಲ್ಲಿದೆ. ಮಂದಿರ ಹಾಗಲ್ಲ, ಅದು ನಿಂತಲ್ಲೇ ಇರುತ್ತದೆ. ಶಟರ್ ತೆರೆದಷ್ಟೂ ಬೆಳಗುತ್ತದೆ. ಆದ್ದರಿಂದ ಐಎಸ್‌ಒ 100, ಅಪರ್ಚರ್ ಎಫ್ 8ರಿಂದ 11ಕ್ಕೆ ಇಟ್ಟು ಬಾಣಗಳನ್ನು ಹದಕ್ಕೆ ತನ್ನಿ. ಚಾವಣಿ ಕತ್ತಲಾಗಿ ಕಂಡರೆ ಶಟರ್ ಸಮಯ ಮಾತ್ರ ಹೆಚ್ಚಿಸಿ. 4 ಸೆಕೆಂಡಿನಿಂದ ಶುರು ಮಾಡಿ.

ಜುಲೈ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು ಏಳೂಕಾಲಿಗೆ. ಆಮೇಲಿನ ಅರ್ಧ ಗಂಟೆ ಆಕಾಶ ಕಡುನೀಲಿ, ಚಾವಣಿಯ ಹೆಂಚೂ ಕಾಣುತ್ತಿರುತ್ತದೆ. ಆ ವರ್ಷದ ವೇಳಾಪಟ್ಟಿ ನೋಡಿಕೊಂಡು ಮೊದಲ ಬಾಣಕ್ಕೇ ಸಜ್ಜಾಗಿರಿ. ನನ್ನ ಮಟ್ಟಿಗೆ ಇಡೀ ರಾತ್ರಿಯ ಅತ್ಯುತ್ತಮ ಫೋಟೊ ಸಿಗುವುದು ಆ ಮೊದಲ ಕೆಲವು ನಿಮಿಷಗಳಲ್ಲೇ. ಹೊಗೆಯೂ ಆಗ ಕಡಿಮೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು.

ದೂರದ ದೀಪವೊಂದಕ್ಕೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಿ. ದೀರ್ಘ ಫೋಟೊಗಳ ಚುಕ್ಕೆಗಳನ್ನು ಅಳಿಸುವ ‘ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್’ ಆಫ್ ಮಾಡಿ. ಇಲ್ಲದಿದ್ದರೆ ಪ್ರತಿ ಫೋಟೊ ಆದಮೇಲೂ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ನೆ ಕೂರುತ್ತದೆ. ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡ್, ಕೈಯಲ್ಲಿ ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಒತ್ತುವ ತಂತಿಯ ಗುಂಡಿ). ಬಾಣ ಮೇಲೇರುವ ಸಣ್ಣ ಬಾಲ ಕಂಡ ಕೂಡಲೇ ಒತ್ತಿ, ಕಿಡಿಗಳು ಬಾಡಿದ ಮೇಲೆ ಬಿಡಿ. ಸದ್ದಿಗೆ ಕಾಯಬೇಡಿ. ಒಂದು ಕಿಲೋಮೀಟರ್ ದೂರದ ಸದ್ದು ಬರುವುದು ಮೂರು ಸೆಕೆಂಡ್ ತಡವಾಗಿ. ಕೊನೆಯಲ್ಲಿ ಬಾಣಗಳು ಒಟ್ಟೊಟ್ಟಿಗೆ ಹಾರಿದಾಗ ಅಪರ್ಚರನ್ನು ಎಫ್ 16ಕ್ಕೆ ಕಿರಿದಾಗಿಸಿ, ಇಲ್ಲವಾದರೆ ಎಲ್ಲ ಬೆಳ್ಳಗಾಗುತ್ತದೆ.

ಜಪಾನಿನ ಜುಲೈ ಎಂದರೆ ಬೆವರು. ಎಸಿ ಕೋಣೆಯಿಂದ ಹೊರಬಂದ ಲೆನ್ಸ್‌ಗೆ ತಕ್ಷಣ ಮಂಜು ಕಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ. ಸೊಳ್ಳೆ ಕ್ರೀಮ್ ಮತ್ತು ಟಾರ್ಚ್ ಮರೆಯಬೇಡಿ. ಹಬ್ಬದ ರಾತ್ರಿ ಗುಡ್ಡದ ರೋಪ್‌ವೇ ಎಷ್ಟು ಹೊತ್ತಿನವರೆಗೆ ಇರುತ್ತದೆಂದು ಹತ್ತುವಾಗಲೇ ವಿಚಾರಿಸಿ. ನಡೆದು ಇಳಿಯುವುದಾದರೆ ಮೆಟ್ಟಿಲುಗಳು ಕಡಿದಾಗಿವೆ, ಟ್ರೈಪಾಡ್ ಮಡಚಿ ಬೆನ್ನಿಗೆ ಕಟ್ಟಿಕೊಳ್ಳಿ.