ಹಳೇ ರಿಯೋಹಾ, ಕೆಟ್ಟ ಬಿರಡೆ, ಅಕ್ಕನ ಮೂಗು

ಹಳೇ ವೈನಿನ ಬಾಟಲಿ ತೆರೆದ ಮೇಲೆ ಮೊದಲ ಅರ್ಧ ನಿಮಿಷ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಫೋನ್ ಬಂದರೂ ಎತ್ತುವುದಿಲ್ಲ. ಗ್ಲಾಸಿಗೆ ಎರಡು ಗುಟುಕಿನಷ್ಟು ಬಗ್ಗಿಸಿಕೊಂಡು ಸುಮ್ನೆ ಮೂಸಿ ನೋಡುತ್ತೇನೆ. ಬಿರಡೆಯಿಂದ, ಅಂದರೆ ಬಾಟಲಿಯ ಬಾಯಿಗೆ ಒತ್ತಿದ ಕಾರ್ಕ್‌ನಿಂದ, ವೈನ್ ಕೆಟ್ಟಿದ್ದರೆ ಅದು ಚೆನ್ನಾಗಿ ಗೊತ್ತಾಗುವುದು ಮೊದಲ ಎರಡು ಮೂರು ಉಸಿರಿನಲ್ಲಿ. ಆಮೇಲೆ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ಮತ್ತೆ ಎಷ್ಟು ಮೂಸಿದರೂ ಅನುಮಾನವೇ ಹೊರತು ಉತ್ತರ ಸಿಗುವುದಿಲ್ಲ.

ನಾನು ಸ್ಪೇನಿನ ಬಿಲ್ಬಾವೊಗೆ ಕೆಲಸಕ್ಕೆ ಬಂದು 11 ವರ್ಷವಾಯಿತು. ಇಲ್ಲಿಂದ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ರಿಯೋಹಾ ಸೀಮೆಯ ಆರೋ ಎಂಬ ಊರು. ಅಲ್ಲಿ ರೈಲು ನಿಲ್ದಾಣದ ಸುತ್ತಲೇ ಹಳೇ ವೈನ್ ಮನೆಗಳ ಒಂದು ಕೇರಿ ಇದೆ. 1877ರ ಲೋಪೆಸ್ ದೆ ಎರೆದಿಯಾ, 1879ರ ಕೂನೆ, 1890ರ ಲಾ ರಿಯೋಹಾ ಆಲ್ತಾ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹಳೇ ಕೆಂಪು ವೈನಿನ ಹುಚ್ಚು ನನಗೆ ಹಿಡಿದಿದ್ದು ಆ ಕೇರಿಯಲ್ಲೇ. ಬಾಟಲಿಯ ಹಿಂದಿನ ಚೀಟಿ ನೀಲಿ ಬಣ್ಣದ್ದಾದರೆ ಅದು ಗ್ರಾನ್ ರೆಸೆರ್ವಾ. ಅಂದರೆ ಮಾರಾಟಕ್ಕೆ ಬರುವ ಮೊದಲೇ ಕನಿಷ್ಠ 5 ವರ್ಷ ಮಾಗಿದ ವೈನ್, ಅದರಲ್ಲಿ ಕನಿಷ್ಠ 2 ವರ್ಷ ಓಕ್ ಪೀಪಾಯಿಯಲ್ಲಿ. ಒಳ್ಳೆಯ ವರ್ಷದ್ದಾದರೆ ಇನ್ನೂ 20, 30 ವರ್ಷ ಇಡಬಹುದು. ಅಷ್ಟು ಕಾಲ ಅದನ್ನು ಕಾಯುವುದು ಒಂದು ತುಂಡು ಮರದ ತೊಗಟೆ, ಅದೇ ಬಿರಡೆ.

ಹೋದ ಅಕ್ಟೋಬರ್‌ನಲ್ಲಿ ಅಕ್ಕ ಭಾವ ಸಾಗರದಿಂದ ಬಂದಿದ್ದರು. ಭಾವನಿಗಾಗಿ 2001ರ ಗ್ರಾನ್ ರೆಸೆರ್ವಾ ತೆಗೆದಿಟ್ಟಿದ್ದೆ. ಆ ವರ್ಷಕ್ಕೆ ರಿಯೋಹಾದ ನಿಯಂತ್ರಣ ಮಂಡಳಿ ಅತ್ಯುತ್ತಮ ಅಂತ ದರ್ಜೆ ಕೊಟ್ಟಿದೆ. ಒಂದೇ ಅಂಗಡಿಯಿಂದ, ಒಂದೇ ದಿನ ತಂದ ಎರಡು ಬಾಟಲಿ. ಹೆಚ್ಚಿನ ಪಾಲು ಟೆಂಪ್ರನೀಯೊ ದ್ರಾಕ್ಷಿ, ಸ್ವಲ್ಪ ಗ್ರಾಸಿಯಾನೊ.

ತಯಾರಿ ಎರಡು ದಿನ ಮೊದಲೇ ಶುರುವಾಗಿತ್ತು. ಮಲಗಿಸಿಟ್ಟಿದ್ದ ಬಾಟಲಿಗಳನ್ನು ಎತ್ತಿ ನಿಲ್ಲಿಸಿದೆ. ಹಳೇ ವೈನಿನಲ್ಲಿ ಗಸಿ ಇರುತ್ತದೆ, ಅದು ತಳಕ್ಕೆ ಇಳಿಯಬೇಕು. ಹಳೇ ಬಿರಡೆಗೆ ಸಾಮಾನ್ಯ ತಿರುಪು ಹಾಕಿದರೆ ಮಧ್ಯದಲ್ಲಿ ಪುಡಿಯಾಗುತ್ತದೆ. ಅದಕ್ಕೇ ನಾನು ಎರಡು ತೆಳು ಅಲಗಿನ ಚಿಮುಟ ಬಳಸುತ್ತೇನೆ. ಅಲಗುಗಳನ್ನು ಬಿರಡೆ ಮತ್ತು ಗಾಜಿನ ನಡುವೆ ಒಂದೊಂದಾಗಿ, ಆಚೀಚೆ ಅಲ್ಲಾಡಿಸುತ್ತಾ ಇಳಿಸಬೇಕು. ಮೇಲಿಂದ ಜೋರಾಗಿ ಒತ್ತಿದರೆ ಬಿರಡೆ ಒಳಗೇ ಬೀಳುತ್ತದೆ. ಪೂರ್ತಿ ಇಳಿದ ಮೇಲೆ ತಿರುಗಿಸುತ್ತಾ ಮೇಲಕ್ಕೆ ಎಳೆದರೆ ಇಡಿಯಾಗಿ ಬರುತ್ತದೆ. ಅವತ್ತೂ ಹಾಗೇ ಬಂತು. ತಳದಲ್ಲಿ ನೇರಳೆ ಕಲೆ, ಬದಿಯಲ್ಲಿ ಸೋರಿದ ಗುರುತು ಇಲ್ಲ. ಬಿರಡೆಯನ್ನು ಮೂಸಿದರೆ ಬರೀ ಬಿರಡೆಯ ವಾಸನೆ. ಬಿರಡೆ ಮೂಸಿ ತೀರ್ಮಾನ ಮಾಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಚೆನ್ನಾಗಿ ಕಾಣುವ ಬಿರಡೆಯೂ ವೈನ್ ಕೆಡಿಸಿರಬಹುದು, ಬೂಷ್ಟು ಹಿಡಿದ ತಲೆಯ ಕೆಳಗೂ ವೈನ್ ಶುದ್ಧವಾಗಿರಬಹುದು.

ಗ್ಲಾಸಿಗೆ ಹಾಕಿದೆ. ಬಣ್ಣ ಸರಿಯಾಗಿತ್ತು, ಅಂಚಿನಲ್ಲಿ ಇಟ್ಟಿಗೆ ಕೆಂಪು. ಮೂಸಿದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯಲಿಲ್ಲ. ಆದರೆ ಏನೋ ಇರಲಿಲ್ಲ. ಹಣ್ಣು ಇಲ್ಲ, ಪೀಪಾಯಿಯ ವೆನಿಲಾ ಇಲ್ಲ. ಬಾಗಿಲು ಹಾಕಿದ ಮನೆಯ ಹಾಗೆ. ನಾಲಿಗೆಗೆ ಹುಳಿ ಸಿಕ್ಕಿತು, ಒಗರು ಸಿಕ್ಕಿತು, ನಡುವೆ ಖಾಲಿ. ವಯಸ್ಸಾಗಿ ಹೀಗಾಯಿತಾ, ಬಿರಡೆಯಿಂದ ಹೀಗಾಯಿತಾ? ಹಳೇ ವೈನಿನಲ್ಲಿ ನನಗೆ ಅತ್ಯಂತ ಕಷ್ಟದ ಪ್ರಶ್ನೆ ಇದೇ. ಯಾಕೆಂದರೆ ಚೆನ್ನಾಗಿ ಮಾಗಿದ ರಿಯೋಹಾದಲ್ಲೂ ಅಣಬೆ, ಒದ್ದೆ ಎಲೆ, ಚರ್ಮ, ತಂಬಾಕಿನ ವಾಸನೆ ಇರುತ್ತದೆ.

ಅಕ್ಕ ಕುಡಿಯುವುದಿಲ್ಲ. ಆದರೂ ಗ್ಲಾಸ್ ಅವಳ ಮುಂದೆ ಹಿಡಿದೆ. ‘ಅಕ್ಕಾ, ಸುಮ್ನೆ ಮೂಸು, ಏನನ್ನಿಸುತ್ತೆ ಹೇಳು.’

ಒಂದೇ ಸಲ ಮೂಸಿ ಮುಖ ಹಿಂದಕ್ಕೆ ತೆಗೆದಳು. ‘ಇದು ನಮ್ಮ ಅಟ್ಟದ ವಾಸನೆ ಕಣೋ. ಮಳೆಗಾಲ ಮುಗಿದ ಮೇಲೆ ಅಪ್ಪ ಪುಸ್ತಕದ ರಟ್ಟಿನ ಪೆಟ್ಟಿಗೆ ಇಳಿಸ್ತಿದ್ರಲ್ಲ, ಅದೇ.’

ಹೌದು, ಒದ್ದೆಯಾದ ರಟ್ಟು. ಬಿರಡೆ ಕೆಟ್ಟ ವೈನಿಗೆ ಜಗತ್ತೆಲ್ಲ ಹೇಳುವ ಗುರುತೇ ಅದು. ಅದನ್ನು ಹಿಡಿಯುವ ಶಕ್ತಿ ಒಬ್ಬೊಬ್ಬರ ಮೂಗಿಗೆ ಒಂದೊಂದು ಥರ. ಅಕ್ಕನದು ನನ್ನದಕ್ಕಿಂತ ಸೂಕ್ಷ್ಮ.

ತಡ ಮಾಡದೆ ಎರಡನೇ ಬಾಟಲಿ ತೆರೆದೆ. ಗ್ಲಾಸಿಗೆ ಬೀಳುತ್ತಿದ್ದಂತೆ ಪಕ್ಕದಲ್ಲಿ ಕೂತಿದ್ದ ಭಾವನಿಗೇ ಘಮ ತಟ್ಟಿತು. ಒಣಗಿದ ಅಂಜೂರ, ಕಿತ್ತಳೆ ಸಿಪ್ಪೆ, ದೇವದಾರು ಪೆಟ್ಟಿಗೆ, ಕೊನೆಗೆ ತೆಂಗಿನಕಾಯಿಯ ಒಂದು ಎಳೆ. ಆ ತೆಂಗು ಮತ್ತು ವೆನಿಲಾ ಬರುವುದು ಅಮೆರಿಕದ ಓಕ್ ಪೀಪಾಯಿಯಿಂದ, ರಿಯೋಹಾದ ಹಳೇ ಪದ್ಧತಿ ಅದು. ಇದರಲ್ಲೂ ಅಣಬೆ ಇತ್ತು, ಆದರೆ ಹಣ್ಣಿನ ಜೊತೆಗೆ ಇತ್ತು. ಮೊದಲ ಬಾಟಲಿಯಲ್ಲಿ ಹಣ್ಣನ್ನೇ ಯಾರೋ ಎತ್ತಿಕೊಂಡು ಹೋಗಿದ್ದರು. ನನಗೆ ವ್ಯತ್ಯಾಸ ತಿಳಿಯುವುದು ಇಲ್ಲೇ. ವಯಸ್ಸು ಹೊಸ ವಾಸನೆಗಳನ್ನು ತಂದು ಸೇರಿಸುತ್ತದೆ, ಕೆಟ್ಟ ಬಿರಡೆ ಇದ್ದದ್ದನ್ನು ಮುಚ್ಚುತ್ತದೆ.

ಈ ಮುಚ್ಚುವುದು ಬರೀ ನನ್ನ ಅನಿಸಿಕೆ ಅಲ್ಲ. ಇದರ ಹಿಂದಿರುವ ವಸ್ತು ಟ್ರೈಕ್ಲೋರೋಅನಿಸೋಲ್, ಚಿಕ್ಕದಾಗಿ ಟಿಸಿಎ. ಅದು ಮೂಗಿನ ವಾಸನೆ ಹಿಡಿಯುವ ಜೀವಕೋಶಗಳ ಕೆಲಸವನ್ನೇ ತಗ್ಗಿಸುತ್ತದೆ ಅಂತ 2013ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಇದು ವೈನಿನಲ್ಲಿ ಎಷ್ಟಿರಬೇಕು ಗೊತ್ತಾ? ಲೀಟರಿಗೆ 5 ನ್ಯಾನೋಗ್ರಾಂ ಇದ್ದರೆ ಸಾಕು, ಎಷ್ಟೋ ಜನರಿಗೆ ಗೊತ್ತಾಗುತ್ತದೆ. ಆ ಲೆಕ್ಕದಲ್ಲಿ ಒಂದು ಗ್ರಾಂ ಟಿಸಿಎ 20 ಕೋಟಿ ಲೀಟರ್ ವೈನ್ ಕೆಡಿಸುತ್ತದೆ. ಈ ಪ್ರಮಾಣದಲ್ಲಿ ಕುಡಿದವರ ಆರೋಗ್ಯಕ್ಕೆ ತೊಂದರೆ ಇಲ್ಲ, ತೊಂದರೆಯೆಲ್ಲ ವೈನಿಗೆ.

ಬಿರಡೆಯ ಮರ ನೋಡಬೇಕು ಅಂತಲೇ ಒಮ್ಮೆ ಸ್ಪೇನಿನದೇ ಎಸ್ತ್ರೆಮಾದುರಾ ಸೀಮೆಗೆ ಹೋಗಿದ್ದೆ. ಸ್ಯಾನ್ ವಿಸೆಂತೆ ದೆ ಅಲ್ಕಾಂತರಾ ಎಂಬ ಊರು ಹೆಚ್ಚಾಗಿ ಬಿರಡೆಯಿಂದಲೇ ಬದುಕುತ್ತದೆ. ಮರಕ್ಕೆ ಸುಮಾರು 25 ವರ್ಷವಾದಾಗ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಆಮೇಲೆ 9 ವರ್ಷಕ್ಕೊಮ್ಮೆ. ಮೊದಲ ಎರಡು ಸುಲಿತ ಬಿರಡೆಗೆ ಆಗುವುದಿಲ್ಲ. ಅಂದರೆ ಒಳ್ಳೆಯ ಬಿರಡೆ ಕೊಡುವ ಹೊತ್ತಿಗೆ ಮರಕ್ಕೆ 40 ದಾಟಿರುತ್ತದೆ. ಕೊಡಲಿಯಿಂದ ಉದ್ದಕ್ಕೆ ಸೀಳಿ, ಹಿಡಿಕೆಯಿಂದ ಮೀಟಿ, ಹಲಗೆಯ ಹಾಗೆ ಎಬ್ಬಿಸುತ್ತಾರೆ. ಒಳಗಿನ ಮರಕ್ಕೆ ಗಾಯವಾಗಬಾರದು. ಕೆಳಗೆ ಕೆಂಪು ಮಣ್ಣಿನ ಬಣ್ಣದ ಮೈ ಕಾಣುತ್ತದೆ. ನಮ್ಮ ಕಡೆ ಅಡಿಕೆ ಕೊನೆ ಕೊಯ್ಯುವವರ ಕೈಯ ಲೆಕ್ಕಾಚಾರವೇ ಅಲ್ಲೂ ಕಂಡಿತು.

ತೊಗಟೆಯಲ್ಲಿ ಸಹಜವಾಗಿ ಬೂಷ್ಟು ಬೆಳೆಯುತ್ತದೆ. ಅದಕ್ಕೆ ಕ್ಲೋರಿನ್ ಇರುವ ಕೆಲವು ರಾಸಾಯನಿಕಗಳು ಸಿಕ್ಕಿದರೆ ಅವನ್ನು ಟಿಸಿಎ ಆಗಿ ಬದಲಿಸುತ್ತದೆ. ಮರಕ್ಕೆ ಹೊಡೆದ ಔಷಧಿಯಿಂದ ಬರಬಹುದು, ಹಿಂದೆ ಬಿರಡೆಯನ್ನು ಬಿಳುಪು ಮಾಡಲು ಬಳಸುತ್ತಿದ್ದ ಕ್ಲೋರಿನ್‌ನಿಂದಲೂ ಬರುತ್ತಿತ್ತು. ಈಗ ತೊಳೆಯುವ ಕ್ರಮ ಬದಲಾಗಿದೆ, ಬಿರಡೆಗಳನ್ನು ಒಂದೊಂದಾಗಿ ಯಂತ್ರದಲ್ಲಿ ಪರೀಕ್ಷಿಸುವವರೂ ಇದ್ದಾರೆ. ಆದರೆ ನನ್ನಂಥವರು ಕೊಳ್ಳುವುದು ಇದೆಲ್ಲಕ್ಕಿಂತ ಹಿಂದಿನ ಬಾಟಲಿ ಅಲ್ವಾ? ಕೆಲವೊಮ್ಮೆ ವೈನ್ ಮನೆಯ ಮರದ ತೊಲೆ, ಪೀಪಾಯಿಗೂ ಇದು ಅಂಟಿರುತ್ತದೆ. ಆಗ ಒಂದು ಬಾಟಲಿಯಲ್ಲ, ಒಟ್ಟಿಗೆ ತುಂಬಿದ ಬಾಟಲಿಗಳೆಲ್ಲ ಕೆಡುತ್ತವೆ. ನನ್ನ ಎರಡನೇ ಬಾಟಲಿ ಚೆನ್ನಾಗಿದ್ದರಿಂದ ತಪ್ಪು ಆ ಒಂದು ಬಿರಡೆಯದ್ದೇ ಅಂದುಕೊಂಡೆ.

ಕೆಟ್ಟ ಬಾಟಲಿಯನ್ನು ತಕ್ಷಣ ಚೆಲ್ಲಲಿಲ್ಲ. ಹಳೇ ಬಾಟಲಿ ತೆರೆದಾಗ ಬರುವ ಎಲ್ಲ ಕೆಟ್ಟ ವಾಸನೆಯೂ ಟಿಸಿಎ ಅಲ್ಲ. ಗಾಳಿ ಕಾಣದೆ ಕೂತ ವೈನಿಗೆ ಒಂದು ಮಂಕು ಇರುತ್ತದೆ, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಅದಕ್ಕೇ ಒಂದು ಗ್ಲಾಸ್ ಪಕ್ಕಕ್ಕಿಟ್ಟೆ, ಬಾಟಲಿಗೆ ಅದೇ ಬಿರಡೆ ಒತ್ತಿದೆ. ಗಂಟೆ ಬಿಟ್ಟು ಅಡುಗೆಮನೆಯಿಂದ ತಿರುಗಿ ಬಂದು, ಮೂಗಿಗೆ ಬಿಡುವು ಕೊಟ್ಟು, ಮತ್ತೆ ಮೂಸಿದೆ. ಈಗ ನನಗೂ ರಟ್ಟು ಸ್ಪಷ್ಟವಾಗಿತ್ತು. ಗಾಳಿಗೆ ಹೋಗುವ ಬದಲು ಜಾಸ್ತಿ ಆಗಿತ್ತು. ಇನ್ನು ಅನುಮಾನ ಉಳಿಯಲಿಲ್ಲ.

ಪ್ಲಾಸ್ಟಿಕ್ ಹಾಳೆಯ ಉಪಾಯವನ್ನೂ ಮಾಡಿ ನೋಡಿದೆ. ಪಾಲಿಥೀನ್‌ಗೆ ಟಿಸಿಎ ಹೀರುವ ಗುಣವಿದೆ. ಪಕ್ಕಕ್ಕಿಟ್ಟ ಆ ಗ್ಲಾಸಿನ ವೈನನ್ನು ಜಗ್ಗಿಗೆ ಹಾಕಿ, ಹಾಳೆಯ ತುಂಡು ಮುದುಡಿ ಮುಳುಗಿಸಿ ಹತ್ತು ನಿಮಿಷ ಕುಲುಕಿದೆ. ಮುಗ್ಗಲು ನಿಜಕ್ಕೂ ಕಡಿಮೆಯಾಯಿತು. ಅಂಜೂರ, ಕಿತ್ತಳೆ ಮಾತ್ರ ತಿರುಗಿ ಬರಲಿಲ್ಲ. ಸಾರಿಗೆ ಹಾಕೋಣ ಅಂದರೆ ಅದೂ ಬೇಡ, ಕುದಿಸಿದ ಮೇಲೂ ಆ ವಾಸನೆ ಉಳಿದಿದ್ದನ್ನು ನಾನು ಹಿಂದೊಮ್ಮೆ ನೋಡಿದ್ದೇನೆ.

ಬಾಟಲಿಯನ್ನು ಅಂಗಡಿಗೆ ವಾಪಸ್ ಒಯ್ದೆ. ಒಂದು ಗ್ಲಾಸ್ ಬಿಟ್ಟರೆ ಉಳಿದ ವೈನೆಲ್ಲ ಅದರಲ್ಲೇ ಇತ್ತು. ಅರ್ಧ ಕುಡಿದು ಒಯ್ದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅಂಗಡಿಯವರು ಮೂಸಿದರು, ತಲೆ ಆಡಿಸಿದರು. ಆದರೆ 15 ವರ್ಷ ದಾಟಿದ ಬಾಟಲಿಗೆ ಹಣ ವಾಪಸ್ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಕೊಳ್ಳುವಾಗಲೇ ನಾನು ಕೇಳಬೇಕಿತ್ತು. ಈಗ ಮೊದಲು ಕೇಳುತ್ತೇನೆ. ಮತ್ತೆ ಹಳೇ ವೈನ್ ತಂದರೆ ಜೋಡಿಯಾಗಿಯೇ ತರುತ್ತೇನೆ, ದುಡ್ಡು ಸಾಲದಿದ್ದರೆ ಕಡಿಮೆ ಬೆಲೆಯ ಎರಡು. ಒಂದೇ ಬಾಟಲಿ ಇದ್ದು ಅದು ಸಣ್ಣಗೆ ಕೆಟ್ಟಿದ್ದರೆ, 2001ರ ಆ ವೈನ್ ಮುಗಿದುಹೋಗಿದೆ ಅಂತಲೇ ನಾನು ಬರೆದಿಟ್ಟುಕೊಳ್ಳುತ್ತಿದ್ದೆ.

ಮೊನ್ನೆ 2004ರ ಎರಡು ಬಾಟಲಿ ತಂದು ಕತ್ತಲೆ ಕಪಾಟಿನಲ್ಲಿ ಮಲಗಿಸಿದ್ದೇನೆ. ಅಕ್ಕ ಮತ್ತೆ ಬರುವುದು ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ತೆರೆಯುವುದಿಲ್ಲ.