ಆನ್‌ಲೈನ್ ಅಂಗಡಿಗೆ ಸರ್ವರ್, ಸಾಫ್ಟ್‌ವೇರ್, ಲೇಬಲ್ ಪ್ರಿಂಟರ್: ನಾನು ಆರಿಸುವ ರೀತಿ

ಆನ್‌ಲೈನ್ ಅಂಗಡಿ ಅಂದಕೂಡಲೇ ಹೆಚ್ಚಿನವರು ಥೀಮ್ ಹುಡುಕಲು ಕೂರುತ್ತಾರೆ. ನಾನು ಮೊದಲು ಎಣಿಸುವುದು ಕ್ಯಾಶ್ ಮಾಡಲು (ಒಮ್ಮೆ ತಯಾರಿಸಿದ ಪ್ರತಿಯನ್ನು ಇಟ್ಟುಕೊಂಡು ಮತ್ತೆ ಮತ್ತೆ ಕೊಡಲು) ಬಾರದ ಪುಟಗಳನ್ನು: ಕಾರ್ಟ್, ಚೆಕ್‌ಔಟ್, ಗ್ರಾಹಕರ ಖಾತೆ. ಸರಕಿನ ಪುಟವನ್ನು ಒಮ್ಮೆ ತಯಾರಿಸಿಟ್ಟರೆ ಅದೇ ಪ್ರತಿಯನ್ನು ಸಾವಿರ ಜನರಿಗೆ ಕೊಡಬಹುದು, ಸಣ್ಣ ಸರ್ವರ್ ಸಾಕು. ಕಾರ್ಟ್ ಹಾಗಲ್ಲ. ಅಲ್ಲಿ ಒಂದೊಂದು ಕ್ಲಿಕ್ಕಿಗೂ ಪುಟ ತಯಾರಿಸುವ ಪಿಎಚ್‌ಪಿ ಪ್ರೋಗ್ರಾಂ ಓಡಬೇಕು, ಡೇಟಾಬೇಸ್ ಉತ್ತರ ಕೊಡಬೇಕು. ಆದ್ದರಿಂದ ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ನಾನು ಕೇಳುವುದಿಲ್ಲ. ಒಂದೇ ಹೊತ್ತಿಗೆ ಎಷ್ಟು ಜನ ಹಣ ಕಟ್ಟುತ್ತಿರುತ್ತಾರೆ ಎಂದು ಕೇಳುತ್ತೇನೆ.

ಸರ್ವರ್ ನೋಡಿಕೊಳ್ಳುವವರು ಒಬ್ಬರೂ ಇಲ್ಲದಿದ್ದರೆ ಶಾಪಿಫೈನಂಥ ಬಾಡಿಗೆ ವ್ಯವಸ್ಥೆಯೇ ಸರಿ, ಮುಂದಿನ ಅರ್ಧ ಮಾತು ಅವರಿಗೆ ಬೇಡ. ಸ್ವಂತ ಸರ್ವರ್ ಬೇಕೆನ್ನುವವರಿಗೆ ನಾನು ಬಹುತೇಕ ವರ್ಡ್‌ಪ್ರೆಸ್ ಮೇಲೆ ಓಡುವ ಅಂಗಡಿ ಪ್ಲಗಿನ್ ವೂಕಾಮರ್ಸ್ ಹಾಕುತ್ತೇನೆ. ಇನ್ನೊಂದು ಅಂಗಡಿ ಸಾಫ್ಟ್‌ವೇರ್ ಮ್ಯಾಜೆಂಟೊ ದೊಡ್ಡ ಕ್ಯಾಟಲಾಗ್‌ಗಳಿಗೆ ಗಟ್ಟಿ, ಆದರೆ 2.4 ಆವೃತ್ತಿಯಿಂದ ಈಚೆಗೆ ಅದಕ್ಕೆ ಪ್ರತ್ಯೇಕ ಹುಡುಕು ಎಂಜಿನ್ ಕಡ್ಡಾಯ. ಅದೊಂದೇ ಸಾಕಷ್ಟು ಮೆಮೊರಿ ನುಂಗುತ್ತದೆ. ವೂಕಾಮರ್ಸ್‌ನಲ್ಲಿ ಗಮನಿಸಬೇಕಾದದ್ದು ಆರ್ಡರ್ ಎಲ್ಲಿ ಕೂರುತ್ತದೆ ಎಂಬುದು. 2023ರ 8.2 ಆವೃತ್ತಿಯಿಂದ ಹೊಸ ಅಂಗಡಿಗಳಲ್ಲಿ ಆರ್ಡರ್‌ಗಳಿಗೆ ಅವುಗಳದ್ದೇ ಟೇಬಲ್‌ಗಳಿವೆ. ಆರ್ಡರ್‌ಗಳು ಮೊದಲು ಕೂರುತ್ತಿದ್ದ ವರ್ಡ್‌ಪ್ರೆಸ್‌ನ ಹಳೆಯ ಪೋಸ್ಟ್ ಟೇಬಲ್ಲಿಗೆ ನೇರ ಕೈಹಾಕುವ ಪ್ಲಗಿನ್ ಇಲ್ಲಿ ಆರ್ಡರ್ ಕಾಣದೆ ಕುರುಡಾಗುತ್ತದೆ. ಪ್ಲಗಿನ್ ಕೊಳ್ಳುವ ಮುಂಚೆ ಈ ಹೊಂದಾಣಿಕೆ ಇದೆಯೇ ನೋಡಿ.

ಇನ್ನು ಮೆಮೊರಿ ಲೆಕ್ಕ. 2 ಕೋರ್, 4 ಜಿಬಿಯ ಸರ್ವರ್ ಅಂದುಕೊಳ್ಳಿ. ಆಪರೇಟಿಂಗ್ ಸಿಸ್ಟಮ್ ಮತ್ತು ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ 500 ಎಂಬಿ, ಡೇಟಾವನ್ನು ಮೆಮೊರಿಯಲ್ಲೇ ಇಡುವ ರೆಡಿಸ್‌ಗೆ 256 ಎಂಬಿ, ಡೇಟಾಬೇಸ್ ಮಾರಿಯಾಡಿಬಿಗೆ 1.3 ಜಿಬಿ; ಇದರಲ್ಲಿ 1 ಜಿಬಿ ಟೇಬಲ್‌ಗಳನ್ನು ಮೆಮೊರಿಯಲ್ಲಿಟ್ಟುಕೊಳ್ಳುವ ಇನ್ನೊಡಿಬಿ ಬಫರ್ ಪೂಲ್‌ಗೆ. ಈ ಪೂಲ್ ಮುಟ್ಟದೆ ಬಿಟ್ಟರೆ 128 ಎಂಬಿಯಲ್ಲೇ ಕುಂಟುತ್ತಿರುತ್ತದೆ. ಉಳಿದದ್ದು ಸುಮಾರು 2 ಜಿಬಿ. ಒಂದು ಪಿಎಚ್‌ಪಿ ಪ್ರಕ್ರಿಯೆ 100 ಎಂಬಿ ತಿಂದರೆ 20 ಪ್ರಕ್ರಿಯೆ. ಈ 100 ನನ್ನ ಅಂದಾಜು. ನಿಮ್ಮ ಪ್ಲಗಿನ್‌ಗಳ ಜೊತೆ ಅಳೆದೇ ಹಾಕಿ. ಈ ಪ್ರಕ್ರಿಯೆಗಳನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂನ ಮೂಲ ಕಾನ್ಫಿಗ್ ಫೈಲಿನಲ್ಲಿ ಇರುವ ಮಿತಿ 5 ಮಾತ್ರ, ಹಾಗೇ ಬಿಟ್ಟರೆ ಆರನೆಯ ಗ್ರಾಹಕ ಸಾಲಿನಲ್ಲಿ ನಿಲ್ಲುತ್ತಾನೆ. ಹಾಗೆಂದು 60 ಎಂದು ಬರೆದರೆ ಇನ್ನೂ ಕೆಟ್ಟದ್ದು: ಜನ ಹೆಚ್ಚಾದ ಗಳಿಗೆಯಲ್ಲೇ ಮೆಮೊರಿ ಮುಗಿದು, ಲಿನಕ್ಸ್ ಅತಿ ದೊಡ್ಡ ಪ್ರಕ್ರಿಯೆಯನ್ನು ಹುಡುಕಿ ಕೊಲ್ಲುತ್ತದೆ. ಅದು ಸಾಮಾನ್ಯವಾಗಿ ಡೇಟಾಬೇಸೇ ಆಗಿರುತ್ತದೆ. 2 ಕೋರ್‌ಗೆ 20 ಪ್ರಕ್ರಿಯೆ ಯಾಕೆಂದರೆ, ಪೇಮೆಂಟ್ ಗೇಟ್‌ವೇಯ ಉತ್ತರಕ್ಕೆ ಕಾಯುವ ಪ್ರಕ್ರಿಯೆ ಮೆಮೊರಿ ಹಿಡಿದಿರುತ್ತದೆ, ಸಿಪಿಯು ಹಿಡಿದಿರುವುದಿಲ್ಲ.

ಕ್ಯಾಶ್ ಹಾಕಿದ ದಿನವೇ ಎರಡು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಬೇರೆ ಬೇರೆ ಸರಕು ಕಾರ್ಟ್‌ಗೆ ಹಾಕಿ ನೋಡಬೇಕು. ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಂಡರೆ, ಕಾರ್ಟ್‌ನ ಕುಕಿ ಇರುವವರಿಗೂ ಕ್ಯಾಶ್ ಪ್ರತಿಯೇ ಹೋಗುತ್ತಿದೆ ಎಂದರ್ಥ. ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ವರ್ಡ್‌ಪ್ರೆಸ್‌ನ ಕ್ರಾನ್ ಕೂಡ ಕ್ಯಾಶ್‌ನಿಂದಲೇ ಕೈಕೊಡುತ್ತದೆ: ಅದು ಓಡುವುದು ಯಾರಾದರೂ ಪುಟ ತೆರೆದಾಗ. ಪುಟವೆಲ್ಲ ಕ್ಯಾಶ್‌ನಿಂದ ಹೋದರೆ ಪಿಎಚ್‌ಪಿ ಏಳುವುದೇ ಇಲ್ಲ, ಹಣ ಕಟ್ಟದ ಆರ್ಡರ್‌ಗಳು ರದ್ದಾಗದೆ ಸ್ಟಾಕ್ ಹಿಡಿದು ಕೂರುತ್ತವೆ. ವರ್ಡ್‌ಪ್ರೆಸ್‌ನ ಕ್ರಾನ್ ಆಫ್ ಮಾಡಿ, ಅದರ ಕೆಲಸಗಳನ್ನು ಸರ್ವರಿನ ಕ್ರಾನ್‌ನಿಂದ 5 ನಿಮಿಷಕ್ಕೊಮ್ಮೆ ಓಡಿಸುತ್ತೇನೆ.

ಪೇಮೆಂಟ್‌ನಲ್ಲಿ ಒಂದೇ ಹಟ: ಕಾರ್ಡ್ ಸಂಖ್ಯೆ ನಮ್ಮ ಸರ್ವರಿಗೆ ಬರಲೇಬಾರದು, ಗೇಟ್‌ವೇಯ ಪುಟದಲ್ಲೇ ತುಂಬಿಸಬೇಕು. ಹಣ ಬಂತೆಂದು ನಂಬುವುದು ಗ್ರಾಹಕ ಮರಳಿ ಬಂದ ‘ಧನ್ಯವಾದ’ ಪುಟವನ್ನಲ್ಲ, ಗೇಟ್‌ವೇ ನಮ್ಮ ಸರ್ವರಿಗೆ ನೇರ ಕಳಿಸುವ ಸಂದೇಶವನ್ನು, ಅಂದರೆ ವೆಬ್‌ಹುಕ್ ಅನ್ನು. ಗ್ರಾಹಕ ನಡುವೆಯೇ ಬ್ರೌಸರ್ ಮುಚ್ಚಿದರೂ ಅದು ಬರುತ್ತದೆ. ಅದರ ಸಹಿ ಪರಿಶೀಲಿಸಿ, ಮೊತ್ತ ಹೋಲಿಸಿ, ಬೇಗ 200 (ಸಂದೇಶ ತಲುಪಿತು ಎಂಬ ಸಂಕೇತ) ಉತ್ತರ ಕೊಡಿ. ತಡವಾದರೆ ಅದೇ ಸಂದೇಶ ಮತ್ತೆ ಬರುತ್ತದೆ. ಎರಡನೆಯ ಸಲ ಬಂದದ್ದಕ್ಕೆ ಎರಡನೆಯ ಪಾರ್ಸೆಲ್ ಹೋಗದಂತೆ ವಹಿವಾಟಿನ ಐಡಿಯನ್ನು ಟೇಬಲ್‌ನಲ್ಲಿ ಯೂನಿಕ್ (ಒಮ್ಮೆ ಮಾತ್ರ ದಾಖಲಾಗುವಂತೆ) ಮಾಡಿಡಿ.

ಇಮೇಲ್ ಅನ್ನು ಅದೇ ಸರ್ವರಿನಿಂದ ಕಳಿಸುವ ಆಸೆ ಬಿಡಿ. ಬಹಳಷ್ಟು ಕ್ಲೌಡ್ ಕಂಪನಿಗಳು ಮೇಲ್ ಹೊರಗೆ ಹೋಗುವ 25ನೇ ಪೋರ್ಟ್ ಮುಚ್ಚಿಟ್ಟಿರುತ್ತವೆ. ಬೇರೆ ಮೇಲ್ ಸೇವೆ, ಜೊತೆಗೆ ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ಡೊಮೇನ್‌ನ ಡಿಎನ್‌ಎಸ್‌ನಲ್ಲಿ. ಬ್ಯಾಕಪ್ ಬೇರೆ ಕಂಪನಿಯ ಸ್ಟೋರೇಜ್‌ಗೆ ಹೋಗಬೇಕು, ತಿಂಗಳಿಗೊಮ್ಮೆ ಖಾಲಿ ಸರ್ವರಿನಲ್ಲಿ ಮರಳಿ ತೆರೆದು ನೋಡಬೇಕು.

ಪ್ಯಾಕಿಂಗ್ ಮೇಜಿನ ಸಾಮಾನಿನಲ್ಲಿ ಸ್ಕ್ಯಾನರ್ ಸುಲಭ: ಕೀಬೋರ್ಡ್‌ನಂತೆ ವರ್ತಿಸುವ ಯುಎಸ್‌ಬಿ ಸ್ಕ್ಯಾನರ್‌ಗೆ ಡ್ರೈವರ್ ಬೇಡ, ಕೊನೆಯಲ್ಲಿ ಎಂಟರ್ ಒತ್ತುವಂತೆ ಸೆಟ್ ಮಾಡಿದರಾಯಿತು. ಪ್ರಿಂಟರ್‌ನಲ್ಲೇ ಜನ ಎಡವುವುದು. 203 ಡಿಪಿಐ (ಒಂದು ಇಂಚಿಗೆ 203 ಚುಕ್ಕೆ) ಪ್ರಿಂಟರಿನ ಒಂದು ಚುಕ್ಕೆ 0.125 ಮಿ.ಮೀ. ಸರಕಿನ ಮೇಲಿನ 13 ಅಂಕಿಯ ಇಎಎನ್-13 ಬಾರ್‌ಕೋಡಿನ ಅತಿ ತೆಳು ಗೆರೆ ಪೂರ್ಣ ಅಳತೆಯಲ್ಲಿ 0.33 ಮಿ.ಮೀ., ಕನಿಷ್ಠವಾದ 80 ಶೇಕಡಕ್ಕೆ ಕುಗ್ಗಿಸಿದರೆ 0.264. ಎರಡು ಚುಕ್ಕೆ ಅಂದರೆ 0.25, ಅದಕ್ಕಿಂತ ಕಡಿಮೆ. ಹಾಗಾಗಿ ಮೂರು ಚುಕ್ಕೆಯ 0.375 ಬೇಕು, ಕೋಡ್ ಅಗಲವಾಗುತ್ತದೆ. ಸಣ್ಣ ಸರಕಿಗೆ ಅಂಟಿಸುವ ಲೇಬಲ್ಲಾದರೆ 300 ಡಿಪಿಐ ಕೊಳ್ಳಿ, ನಾಲ್ಕು ಚುಕ್ಕೆಗೆ ಸುಮಾರು 0.34 ಸಿಗುತ್ತದೆ. ಸ್ಕ್ಯಾನರ್ ಓದುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಪ್ರಿಂಟ್ ವಿಂಡೋದ ‘ಪುಟಕ್ಕೆ ಹೊಂದಿಸು’ ಆಯ್ಕೆ. ಅದು 97 ಶೇಕಡಕ್ಕೆ ಇಳಿಸಿದರೂ ಗೆರೆಗಳು ಚುಕ್ಕೆಗಳ ನಡುವೆ ಬಿದ್ದು, ಕೆಲವು ದಪ್ಪ, ಕೆಲವು ತೆಳು ಆಗುತ್ತವೆ. 100 ಶೇಕಡವೇ ಇರಲಿ.

ರಿಬ್ಬನ್ ಬೇಡದ, ಕಾಗದವನ್ನೇ ಬಿಸಿಯಿಂದ ಕಪ್ಪಾಗಿಸುವ ಡೈರೆಕ್ಟ್ ಥರ್ಮಲ್ ಪ್ರಿಂಟರ್ ಪಾರ್ಸೆಲ್‌ಗೆ ಸರಿ, ಪಾರ್ಸೆಲ್ ಲೇಬಲ್ ಕೆಲವೇ ದಿನ ಬಾಳಿದರೆ ಸಾಕು. ಕಪಾಟಿನಲ್ಲಿ ತಿಂಗಳುಗಟ್ಟಲೆ ಇರುವ ಸರಕಿಗೆ ರಿಬ್ಬನ್ ಇರುವ ಥರ್ಮಲ್ ಟ್ರಾನ್ಸ್‌ಫರ್ ತೆಗೆದುಕೊಳ್ಳಿ. ಬಿಸಿಲು, ಶಾಖ ತಗಲಿದರೆ ಡೈರೆಕ್ಟ್ ಥರ್ಮಲ್ ಲೇಬಲ್ ಕಪ್ಪಾಗುತ್ತದೆ ಇಲ್ಲವೇ ಮಾಸಿಹೋಗುತ್ತದೆ.